ಚೀಟಿ ಎತ್ತಿ ಆರಿಸಿದ ಪ್ರತಿನಿಧಿ

ಊರಿನ ಜಗಳ ಬಗೆಹರಿಸುವ ಶಕ್ತಿ ನನಗೊಬ್ಬನಿಗೇ ಇದೆ ಎಂದು ನಾನು ಮನಸಾರೆ ನಂಬಿದ್ದ ಕಾಲವದು. ಕೊಡಗು ಆಗ ಪ್ರತ್ಯೇಕ ರಾಜ್ಯ. ಕುಶಾಲನಗರದ ಹತ್ತಿರದ ಒಂದೂರಿನ ಶಾಲೆಗೆ ನಾನೊಬ್ಬನೇ ಮೇಷ್ಟ್ರು. ಊರಿಗೂ ಶಾಲೆಗೂ ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಅದು ತುಂಬಿದರೆ ಮಕ್ಕಳು ಆ ಕಡೆ, ಶಾಲೆಯ ಪಕ್ಕದಲ್ಲೇ ಮನೆ ಮಾಡಿದ್ದ ನಾನು ಈ ಕಡೆ. ಹಿಂದಿನ ವರ್ಷ ಹುಡುಗಿಯೊಬ್ಬಳು ಕೊಚ್ಚಿಹೋಗುವುದು ಸ್ವಲ್ಪದರಲ್ಲಿ ತಪ್ಪಿತ್ತು. ಮಡಿಕೇರಿಗೆ ಹೋಗಿ ಸೇತುವೆ ಕೇಳಿ ಬರಲು ಊರಿಗೊಬ್ಬ ಪ್ರತಿನಿಧಿ ಬೇಕಾಗಿತ್ತು.

ರಂಗೇಗೌಡರೂ ಸಿದ್ಧ, ಅವರ ದಾಯಾದಿ ಪುಟ್ಟೇಗೌಡರೂ ಸಿದ್ಧ. ಎರಡು ಸಲ ಕೈ ಎತ್ತಿಸಿದೆವು. ಎರಡು ಸಲವೂ ಎತ್ತಿದ ಕೈಗಳು ಎದುರಿನವರ ಕೊರಳಪಟ್ಟಿಗೆ ಹೋದವು. ನನಗೆ ರೇಗಿಹೋಯಿತು. ಓಟೇ ಜಗಳದ ಮೂಲ, ಮನೆಗೊಂದು ಚೀಟಿ ಬರೆದು ಬಸವಣ್ಣನ ಗುಡಿಯಲ್ಲಿ ಪೂಜಾರಿಯ ಕೈಯಿಂದ ಒಂದನ್ನು ಎತ್ತಿಸೋಣ ಎಂದು ಭಾಷಣ ಬಿಗಿದೆ. ಗೌಡರಿಬ್ಬರೂ ಒಪ್ಪಿದರು. ತನಗೆ ಸಿಗದಿದ್ದರೂ ಪರವಾಗಿಲ್ಲ, ಇನ್ನೊಬ್ಬನಿಗೆ ಸಿಗದಿದ್ದರೆ ಸಾಕು ಎಂಬುದು ಇಬ್ಬರ ಲೆಕ್ಕಾಚಾರ.

ಚೀಟಿಗಳನ್ನು ನಾನೇ ಬರೆದೆ. ನನ್ನ ನಿಷ್ಪಕ್ಷಪಾತಕ್ಕೆ ಕಳಂಕ ಬರಬಾರದೆಂದು ನನ್ನ ಹೆಸರನ್ನೂ ಸೇರಿಸಿದೆ. ಅಕ್ಕಿ ಆರಿಸುತ್ತಿದ್ದ ಹೆಂಡತಿ ಸಾವಿತ್ರಿ ಕತ್ತೆತ್ತಿದಳು.

"ನಿಮ್ಮದ್ಯಾಕ್ರೀ? ಸರ್ಕಾರಿ ಕೆಲಸದಲ್ಲಿರೋರು ಇದಕ್ಕೆಲ್ಲ ತಲೆ ಹಾಕಬಹುದಾ?"

"ನಲವತ್ತೊಂದರಲ್ಲಿ ಒಂದು ಚೀಟಿ ಕಣೇ. ಗಣಿತ ಹೇಳಿಕೊಡೋನು ನಾನು, ನಂಗೊತ್ತಿಲ್ವಾ?"

ಪೂಜಾರಿ ಕಣ್ಣು ಮುಚ್ಚಿ ಎತ್ತಿದ್ದು ಆ ಒಂದನ್ನೇ!

ಇನ್ನೊಂದು ಸಲ ಎತ್ತಿ ಎಂದು ಗೋಗರೆದೆ. ಬಸವಣ್ಣನ ಕೊಂಬು ಮುರಿದವನನ್ನು ನೋಡುವ ಹಾಗೆ ಎಲ್ಲರೂ ನನ್ನನ್ನು ನೋಡಿದರು. ಜೀವಮಾನದಲ್ಲಿ ಮೊದಲ ಸಲ ಗೌಡರಿಬ್ಬರ ಮಾತೂ ಒಂದಾಯಿತು.

"ದೇವ್ರ ಮುಂದೆ ಎತ್ತಿದ್ ಚೀಟಿನ ಬ್ಯಾಡ ಅನ್ನಂಗಿಲ್ಲ ಮೇಷ್ಟ್ರೇ," ಎಂದರು ರಂಗೇಗೌಡರು. "ಮಳೆ ಹಿಡಿಯೋದ್ರೊಳಗೆ ಹೋಗ್ಬನ್ನಿ."

ಹೋದೆ, ಇನ್ನೇನು ಮಾಡಲಿ! ಮಡಿಕೇರಿಯ ಕಚೇರಿಯಲ್ಲಿ ಸಾಹೇಬರ ಮುಂದೆ ಆ ಹುಡುಗಿಯ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಸಾಹೇಬರು ಅರ್ಜಿಯ ಮೇಲೆ ಏನೋ ಗೀಚಿ, ತಾವು ಏನು ಮಾಡಿಕೊಂಡಿದ್ದೀರಿ ಎಂದು ವಿಚಾರಿಸಿದರು. ಶಾಲಾ ಮೇಷ್ಟ್ರು ಎಂದು ಎದೆಯುಬ್ಬಿಸಿ ಹೇಳಿದೆ. ಅದನ್ನೂ ಗೀಚಿಕೊಂಡರು.

ಒಂದೇ ಟಪಾಲಿನಲ್ಲಿ ಎರಡು ಆದೇಶ ಬಂದವು. ಊರಿಗೆ ಸೇತುವೆ ಮಂಜೂರು. ನೌಕರಿಯಲ್ಲಿದ್ದೂ ಊರ ರಾಜಕೀಯಕ್ಕಿಳಿದ ನನಗೆ ಕರಿಕೆಗೆ ವರ್ಗ! ಕರಿಕೆ ಎಂದರೆ ಕೊಡಗಿನ ಆ ತುದಿ, ಕಾಡು ದಾಟಿದರೆ ಮಲಯಾಳ ಸೀಮೆ. ನನ್ನ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ. ಸೇತುವೆ ಮುಗಿಯುವವರೆಗಾದರೂ ಇರಲು ಬಿಡಿ ಎಂದು ಬರೆದುಕೊಂಡೆ, ದೊಡ್ಡ ಮನಸ್ಸು ಮಾಡಿ ಒಪ್ಪಿದರು. ವರ್ಷ ಹಿಡಿಯುತ್ತದೆ ಎಂದು ನನ್ನ ಅಂದಾಜು. ಆದರೆ ಗೌಡರಿಬ್ಬರೂ ಜೊತೆಯಾಗಿ ಹೆಗಲು ಕೊಟ್ಟು ಮರ ಹೊತ್ತರು. ಹದಿನೈದೇ ದಿನಕ್ಕೆ ಮುಗಿಸಿಬಿಟ್ಟರು!

ಸೇತುವೆಯನ್ನು ಮೊದಲು ದಾಟುವ ಗೌರವವನ್ನು ಊರವರು ನನಗೇ ಕೊಟ್ಟರು. ಪಾತ್ರೆ, ಚಾಪೆ, ಟ್ರಂಕು ಹೇರಿದ ಗಾಡಿಯಲ್ಲಿ ದಾಟಿದೆ. ಆ ದಡದಲ್ಲಿ ಮಕ್ಕಳೆಲ್ಲ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು. ಸಾವಿತ್ರಿ ಗಾಡಿಯಿಂದ ಬಗ್ಗಿ ಹಲಗೆಗಳನ್ನು ನೋಡಿದಳು.

"ಗಟ್ಟಿಯಾಗೇ ಇದೆ ಕಣ್ರೀ. ಇನ್ನು ಎಂಥಾ ಮಳೆ ಬಂದರೂ ಮಕ್ಕಳು ಸ್ಕೂಲಿಗೆ ಬರಬಹುದು. ಪಾಠ ಮಾಡೋಕೆ ಒಬ್ಬರು ಇದ್ದಿದ್ದರೆ ಆಗ್ತಿತ್ತು."