ಭಾವನವರ ಕೆಂಪು ಸ್ವೆಟರ್

ನಮ್ಮ ಭಾವನವರು ಇಲಿಗಳನ್ನು ಈಜಿಸಿ ಸಂಬಳ ತರುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ಮದುವೆಯಾಗಿ ಆ ಮನೆಗೆ ಬರುವತನಕ ನಾನೂ ನಂಬಿರಲಿಲ್ಲ! ನನ್ನ ಗಂಡನ ಅಣ್ಣ ಅವರು. ತೊಂಬತ್ತರ ದಶಕದಲ್ಲಿ ಅತ್ತಿಬೆಲೆ ಕಡೆಯ ಒಂದು ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ. ಇತ್ತ ಸಿಂಗಸಂದ್ರದಲ್ಲಿ ನಾನು ಬಿಂದಿಗೆ ಹಿಡಿದು ಟ್ಯಾಂಕರ್‌ಗೆ ಕಾಯುತ್ತಿದ್ದರೆ, ಅತ್ತ ಇಲಿಗಳಿಗೆ ತೊಟ್ಟಿಯ ತುಂಬ ನೀರು, ಅದೂ ಹಾಲಿನ ಪುಡಿ ಕಲಸಿದ ನೀರು! ಪುಣ್ಯ ಮಾಡಿದ ಇಲಿಗಳು.

"ಎಲ್ಲಿಯ ಪುಣ್ಯ ತಂಗಿ?" ಎನ್ನುತ್ತಿದ್ದರು ಭಾವ. ಆ ಬೆಳ್ಳನೆಯ ನೀರಿನೊಳಗೆ ಕಣ್ಣಿಗೆ ಕಾಣದಂತೆ ಒಂದು ಪುಟ್ಟ ಕಟ್ಟೆ ಮುಳುಗಿರುತ್ತದಂತೆ. ಸುತ್ತಲಿನ ಗೋಡೆಗೆ ಬಣ್ಣದ ಕಾಗದ. ಅವನ್ನು ಗುರುತಿಟ್ಟುಕೊಂಡು ಇಲಿ ಕಟ್ಟೆ ಹತ್ತುವುದನ್ನು ಕಲಿಯಬೇಕು. ಕಲಿತ ಮೇಲೆ ಬಹುಮಾನವೇನು? ಮರೆವು ತರಿಸುವ ಸೂಜಿಮದ್ದು! ಆಮೇಲೆ ಹೊಸ ಔಷಧ ಕೊಟ್ಟು, ನೆನಪು ಉಳಿಯಿತೇ ಎಂದು ನೋಡುವುದು.

"ನೆನಪಿದ್ದ ಇಲಿ ಕಟ್ಟೆಗೆ ನೇರ ಬರ್ತೈತಿ. ಮರೆತದ್ದು ಪಾಪ, ತೊಟ್ಟಿ ಅಂಚು ಹಿಡ್ಕೊಂಡು ಸುತ್ತಾನೇ ಇರ್ತೈತಿ."

ಇಂಥವರಿಗೆ ಹೆಣ್ಣು ಕೊಡುವವರು ಯಾರು? ಆದರೂ ದಾವಣಗೆರೆಯಿಂದ ಒಬ್ಬ ಹಿರಿಯರು ಬಂದೇ ಬಂದರು.

"ಏನ್ ಕೆಲಸ ಮಾಡ್ತೀರಪ್ಪ?"

"ಇಲಿಗಳಿಗೆ ಮರೆವು ಬರಿಸ್ತೀನ್ರೀ."

"ಆಮೇಲೆ?"

"ನೆನಪು ಬರ್ತೈತೇನೋ ಅಂತ ನೋಡ್ತೀನಿ."

"ಬರ್ತೈತೇನು?"

"ಸದ್ಯಕ್ಕಿಲ್ಲ."

ಹಿರಿಯರು ತಟ್ಟೆಯಲ್ಲಿದ್ದ ಮಂಡಕ್ಕಿ ಮುಗಿಸಿ ಎದ್ದರು. ನಮ್ಮ ಮನೆಯ ದಾರಿಯನ್ನು ಯಾವ ಸೂಜಿಯ ಹಂಗೂ ಇಲ್ಲದೆ ಮರೆತುಬಿಟ್ಟರು!

ಇನ್ನು ಆ ಕೆಂಪು ಸ್ವೆಟರ್. ಮೇ ತಿಂಗಳ ಬಿಸಿಲಲ್ಲೂ ಅದೇ. ತೊಟ್ಟಿಯ ಬಳಿ ದಿನವೂ ಅದನ್ನೇ ಹಾಕಿಕೊಂಡು ಅದೇ ಜಾಗದಲ್ಲಿ ನಿಲ್ಲಬೇಕಂತೆ. "ಇಲಿ ನನ್ನನ್ನೂ ಗುರುತಿಟ್ಟಿರ್ತೈತಿ ತಂಗಿ. ನಾನು ಆಚೀಚೆ ಸರಿದ್ರೆ ಅದರ ಲೆಕ್ಕ ತಪ್ತೈತಿ."

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅಷ್ಟರಲ್ಲಿ ನಮ್ಮ ಅತ್ತೆಗೇ ಮರೆವು ಶುರುವಾಯಿತು. ಡಾಕ್ಟರು ಆಲ್‌ಝೈಮರ್ಸ್ ಎಂದರು. ಬಚ್ಚಲಿಗೆಂದು ಹೊರಟವರು ಅಡುಗೆಮನೆಗೆ ಬಂದು, "ಯಾರ ಮನೆಯಾಕಿ ನೀನು?" ಎಂದು ನನ್ನನ್ನೇ ಕೇಳುವರು. ಭಾವ ಏನು ಮಾಡಿದರು ಹೇಳಿ? ಬಣ್ಣದ ಕಾಗದ ತಂದರು! ಬಚ್ಚಲ ಬಾಗಿಲಿಗೆ ನೀಲಿ ವೃತ್ತ, ಅತ್ತೆಯ ಕೋಣೆಗೆ ಹಳದಿ ತ್ರಿಕೋನ. ಬಂದವರೆಲ್ಲ "ಯಾರ ಹುಟ್ಟುಹಬ್ಬ?" ಎನ್ನುವರು. ಕುರ್ಚಿ ಸರಿಸುವಂತಿಲ್ಲ, ಯುಗಾದಿಗೆ ಸುಣ್ಣ ಬಳಿಸುವಂತಿಲ್ಲ. ಮಂಚದಡಿಯ ಕಸ ಗುಡಿಸಲೂ ಅಪ್ಪಣೆ ಬೇಡಿ ಬೇಡಿ ನನಗೆ ಸಾಕುಸಾಕಾಗಿತ್ತು.

"ಇದು ಮನೆಯೋ ನಿಮ್ಮ ತೊಟ್ಟಿಯೋ ಭಾವ?"

"ತೊಟ್ಟಿನೇ ವಾಸಿ ತಂಗಿ. ಅಲ್ಲಿ ಯಾರೂ ಎದುರುತ್ತರ ಕೊಡಂಗಿಲ್ಲ."

ಸಂಜೆ ಕಂಪನಿ ಬಸ್ಸಿಳಿದು ಬಂದವರು ಸ್ವೆಟರಿನಲ್ಲೇ ನಡುಮನೆಯ ಕಿಟಕಿಯ ಪಕ್ಕ ನಿಲ್ಲುವರು. ಅತ್ತೆ ಗೋಡೆ ಸವರುತ್ತ ಸವರುತ್ತ ನಡುಮನೆಯನ್ನೆಲ್ಲ ಸುತ್ತಿ, ಹೇಗೋ ಬಂದು ಅವರ ತೋಳು ಹಿಡಿಯುವತನಕ ಕದಲುವವರಲ್ಲ.

"ಯಾರಪ್ಪ ನೀನು? ಉಂಡಿಯೇನು?"

"ಇಲ್ಲಬೇ, ನಿನ್ನ ಜೋಡಿ ಉಣ್ತೀನಿ."

ತಾನು ಮಗ ಎಂದು ಒಮ್ಮೆಯೂ ಹೇಳಿಕೊಡಲಿಲ್ಲ. ಯಾಕೆಂದು ನಾನು ರೇಗಿದರೆ, "ಹೇಳಿಕೊಟ್ರೆ ಅದು ನೆನಪಲ್ಲ ತಂಗಿ" ಎಂದು ಮುಖ ಆಚೆ ತಿರುಗಿಸುವರು. ದಿನವೂ ಅದೇ ಜಾಗ, ಅದೇ ಪ್ರಶ್ನೆ, ಅದೇ ಉತ್ತರ. ನಿಂತವರ ಕಾಲಿಗಿಂತ ನೋಡುವ ನನ್ನ ಕಣ್ಣೇ ದಣಿದಿತ್ತು.

ಒಂದು ಸಂಜೆ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ನಾನು ರೊಟ್ಟಿ ತಟ್ಟುತ್ತ ಬಾಗಿಲಾಚೆ ನೋಡುತ್ತೇನೆ, ಅತ್ತೆ ಕೋಣೆಯಿಂದ ಹೊರಟಿದ್ದಾರೆ! ಗೋಡೆ ಮುಟ್ಟಲಿಲ್ಲ. ನಡುಮನೆ ದಾಟಿ ಕಿಟಕಿಯ ಪಕ್ಕ ಬಂದರು. ಅಲ್ಲಿ ಯಾರೂ ಇಲ್ಲ. ಕೈ ಚಾಚಿ ಬರಿಗಾಳಿಯಲ್ಲಿ ತೋಳು ಹುಡುಕಿದರು.

"ಇಲ್ಲೇ ಇರ್ತಿದ್ನಲ್ಲವ್ವಾ..."

"ಯಾರು ಅತ್ತಿ?"

"ಹೆಸರು ಬರವಲ್ದು. ನನ್ನ ಮಗ."

ಭಾವ ಬರುವ ಹೊತ್ತಿಗೆ ಕಿಟಕಿಯ ಕೆಳಗೇ ಕುಳಿತು ಅತ್ತೆಗೆ ಜೊಂಪು ಹತ್ತಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಸ್ವೆಟರಿನ ಗುಂಡಿ ತಿರುವುತ್ತ ಕೇಳಿದರು.

"ಗೋಡೆ ಹಿಡ್ಕೊಂಡು ಬಂದ್ಲಾ ತಂಗಿ, ನೇರ ಬಂದ್ಲಾ?"

"ನೇರ ಬಂದ್ರು ಭಾವ."

ನನ್ನ ಕಡೆ ನೋಡಲಿಲ್ಲ. ಹೋಗಿ, ಬಿಚ್ಚಿಕೊಂಡೇ ಇರದಿದ್ದ ಹಳದಿ ತ್ರಿಕೋನವನ್ನು ಅಂಗೈಯಿಂದ ಒತ್ತಿ ಒತ್ತಿ ಅಂಟಿಸತೊಡಗಿದರು.