ಮೀನಿನ ಬಾಣಂತನ

ಮನೆಯಲ್ಲಿ ಒಬ್ಬನೇ ಗಂಡಸಾಗಿರುವುದರಲ್ಲಿ ಒಂದು ಸುಖವಿದೆ. ಹೋಲಿಸಿ ನೋಡಲು ಪಕ್ಕದಲ್ಲಿ ಇನ್ನೊಬ್ಬನಿರುವುದಿಲ್ಲ. ಗಂಡಸರು ಮಾಡುವುದೇ ಇಷ್ಟು ಎಂದುಕೊಂಡು ಮನೆಯವರು ಸುಮ್ಮನಿರುತ್ತಾರೆ. ಈ ನೆಮ್ಮದಿಯನ್ನು ನಾನೇ ಹಾಸನದ ಅಂಗಡಿಯಿಂದ ಕೈಯಾರೆ ತಂದ ಒಂದು ಮೀನು ಹಾಳು ಮಾಡಿತು.

ಬೆಟ್ಟಾ ಮೀನು. ನೀಲಿ ಮೈ, ಸೆರಗು ಇಳಿಬಿಟ್ಟಂಥ ಬಾಲ. ಇರುವುದು ಹೆಬ್ಬೆರಳುದ್ದ, ಸಿಟ್ಟು ಆಳೆತ್ತರ. ತೊಟ್ಟಿಯ ಗಾಜಿನಲ್ಲಿ ತನ್ನದೇ ನೆರಳು ಕಂಡರೂ ಕಿವಿರು ಅಗಲಿಸಿ ಜಗಳಕ್ಕೆ ನಿಲ್ಲುತ್ತದೆ. ನಮ್ಮ ಮ್ಯಾನೇಜರೂ ಹೀಗೆಯೇ, ಬಣ್ಣವೊಂದಿಲ್ಲ. ನನ್ನ ಹೆಂಡತಿ ಸುಮಾ ಮೀನಿಗೆ ದೊರೆ ಎಂದು ಹೆಸರಿಟ್ಟಳು, ಜೊತೆಗೊಂದು ಹೆಣ್ಣನ್ನೂ ತರಿಸಿದಳು. ಒಂದು ಭಾನುವಾರ ದೊರೆ ನೀರಿನ ಮೇಲೆ ಗುಳ್ಳೆ ಊದಿ ಊದಿ ನೊರೆಯ ಗೂಡು ಕಟ್ಟಿದ. ಅದರ ಕೆಳಗೆ ಹೆಣ್ಣನ್ನು ಸುತ್ತಿ ಅಪ್ಪಿಕೊಂಡ. ರವೆಯಂಥ ಮೊಟ್ಟೆಗಳು ಉದುರಿದವು. ಅವನು ಒಂದೊಂದನ್ನೇ ಬಾಯಲ್ಲಿ ಹಿಡಿದು ಗೂಡಿಗೆ ಅಂಟಿಸಿದ. ನನಗೆ ಎಷ್ಟು ಖುಷಿಯಾಯಿತೆಂದರೆ, ಕಚೇರಿಯ ಗೆಳೆಯರಿಗೆಲ್ಲ ಫೋನು ಮಾಡಿ ಮರಿ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟೆ.

ಮೊಟ್ಟೆ ಇಟ್ಟಾದ ಮೇಲೆ ಹೆಣ್ಣನ್ನು ಬೇರೆ ಮಾಡಬೇಕೆಂದು ಮೊಬೈಲಿನಲ್ಲಿ ನೋಡಿದ್ದೆ. ಹಾಲು ತಂದು ಮಾಡಿದರಾಯಿತೆಂದು ಅಂಗಡಿಗೆ ಹೋದೆ. ಹಿಂದಿನ ದಿನವಷ್ಟೇ ಹೊಳೆನರಸೀಪುರದಿಂದ ಬಂದಿದ್ದ ನನ್ನ ಅವ್ವ ಮನೆಯಲ್ಲಿದ್ದಳು. ವಾಪಸು ಬಂದಾಗ ಅವಳ ಕೈಯಲ್ಲಿ ಟೀ ಸೋಸುವ ಜರಡಿಯಿತ್ತು, ಮೇಜಿನ ಮೇಲಿನ ಚೊಂಬಿನಲ್ಲಿ ದೊರೆಯಿದ್ದ.

"ಬಾಣಂತಿನ ಅಟ್ಟಾಡುಸ್ಕಂಡು ಕಚ್ತಿದ್ದ ಕಣ್ಲಾ! ಬಾಣಂತಿ ಇರೋ ಕಡೆ ಗಂಡುಂಗೇನ್ಲಾ ಕೆಲ್ಸ? ತಾಯಿ ಮಕ್ಳು ತಣ್ಣಗಿರ್ಲಿ ಅಂತ ಎತ್ತಾಕ್ದೆ."

ತೊಟ್ಟಿಗೆ ಓಡಿದೆ. ತಾಯಿ ತಣ್ಣಗೇ ಇದ್ದಳು. ಕೊನೆಯ ಮೊಟ್ಟೆಯನ್ನು ನುಂಗಿ ಬಾಯಿ ಆಡಿಸುತ್ತಿದ್ದಳು. ಗೂಡಿನಲ್ಲಿ ನೊರೆ ಬಿಟ್ಟರೆ ಇನ್ನೇನೂ ಉಳಿದಿರಲಿಲ್ಲ. ನನಗೆ ಅಳು ಬರುವುದೊಂದು ಬಾಕಿ.

"ಈ ಜಾತೀಲಿ ತಾಯಿ ಮೊಟ್ಟೆ ತಿಂತಾಳೆ ಕಣವ್ವ. ಕಾಯೋದು, ಸಾಕೋದು ಎಲ್ಲಾ ಗಂಡೇ. ಅದಕ್ಕೇ ಅಟ್ಟಾಡಿಸ್ತಿದ್ದ."

ಅವ್ವ ಕುರ್ಚಿ ಎಳೆದುಕೊಂಡು ಕೂತಳು. ತನ್ನ ಹೆಣ್ಣುಮಕ್ಕಳದ್ದಲ್ಲದೆ ಬೀದಿಯ ಅರ್ಧ ಹೆಂಗಸರ ಬಾಣಂತನ ಮಾಡಿದವಳು ಅವಳು. "ಗಂಡು ಬಾಣಂತನ ಮಾಡ್ತದಾ?" ಎಂದು ಎರಡೆರಡು ಸಲ ಕೇಳಿದಳು. ಆಮೇಲೆ ಚೊಂಬಿಗೆ ಬಾಗಿ, "ತಪ್ಪಾಯ್ತು ಕಣಪ್ಪ" ಎಂದಳು. ಅವ್ವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಅಪ್ಪನಿಗೂ ಆ ಭಾಗ್ಯ ಸಿಕ್ಕಿರಲಿಲ್ಲ.

ಮುಂದಿನ ಸಲ ದೊರೆ ಗೂಡು ಕಟ್ಟುತ್ತಿದ್ದಾನೆಂದು ಸುಮಾ ಫೋನಿನಲ್ಲಿ ಹೇಳಿದ್ದೇ ತಡ, ಅವ್ವ ಬಸ್ಸು ಹತ್ತಿ ಬಂದಳು. ಮೊಟ್ಟೆ ಇಟ್ಟು ಮುಗಿದ ಕೂಡಲೇ ಹೆಣ್ಣನ್ನು ಉಪ್ಪಿನಕಾಯಿ ಡಬ್ಬಿಗೆ ತುಂಬಿಕೊಂಡು, "ಇವ್ಳು ತವರಲ್ಲಿರ್ಲಿ" ಎಂದು ಹೊರಟೇಬಿಟ್ಟಳು. ಶಾಲೆಗೆ ರಜೆಯಿತ್ತು, ಮೇಷ್ಟ್ರಮ್ಮನಾದ ಸುಮಾಳೂ ಜೊತೆಗೆ ಹೋದಳು. ಮರಿಗಳು ಈಜುವವರೆಗೆ ದೊರೆ ಏನೂ ತಿನ್ನುವುದಿಲ್ಲವೆಂದು ಕೇಳಿ ಅವ್ವ ಬಾಗಿಲಲ್ಲಿ ನಿಂತು ಲೊಚಗುಟ್ಟಿದಳು.

ನಾನೂ ದೊರೆಯೂ ಉಳಿದೆವು. ಜಾರಿದ ಮೊಟ್ಟೆಗಳನ್ನು ಹೆಕ್ಕಿ ಹೆಕ್ಕಿ ಅವನು ಗೂಡಿಗೆ ಸೇರಿಸುತ್ತಿದ್ದ. ಮಂಗಳವಾರ ಬೆಳಿಗ್ಗೆ ನೋಡುತ್ತೇನೆ, ನೊರೆಯ ಕೆಳಗೆ ಕೂದಲೆಳೆಯಂಥ ಬಾಲಗಳು ಅಲ್ಲಾಡುತ್ತಿವೆ! ಕುಣಿಯುವಷ್ಟು ಸಂತೋಷವಾಯಿತು. ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನ ಅವ್ವನ ಫೋನು ಬಂತು. ಮರಿಯಾದ ಸುದ್ದಿ ಹೇಳಿದೆ. ಅವಳು ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ, "ಊಟ ಆಯ್ತಾ?" ಎಂದಳು.

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. "ಆಯ್ತು ಕಣವ್ವ. ಅನ್ನ ನಾನೇ ಮಾಡ್ಕೊಂಡೆ, ಸಾರು ಹೋಟೆಲಿಂದು."

"ನಿಂದ್ಯಾರ್ಲಾ ಕೇಳುದ್ರು?" ಎಂದಳು ಅವ್ವ. "ದೊರೇದು!"