ಹೊರಗೆ ನಿಂತು ಕೂಗಬಾರದ ಕೋಣೆ

ನಮ್ಮ ಸೋದರತ್ತೆ ಮನೆಯನ್ನಲ್ಲ, ಆಪರೇಟಿಂಗ್ ಸಿಸ್ಟಮ್ಮನ್ನು ನಡೆಸುತ್ತಿದ್ದರು ಎಂದರೆ ನಂಬುತ್ತೀರಾ? ಚಳ್ಳಕೆರೆಯ ಕಾಲೇಜಿನಲ್ಲಿ ಕಲಿಸುತ್ತಿದ್ದದ್ದೂ ಅದೇ, ಮನೆಯಲ್ಲಿ ನಡೆಸುತ್ತಿದ್ದದ್ದೂ ಅದೇ! ಅವರು ಓದಿಕೊಳ್ಳುತ್ತಿದ್ದ ಕೋಣೆಯನ್ನು ಖಾಲಿ ಮಾಡಿ ಬಾಡಿಗೆಗೆ ಕೊಡುವ ಮಾತು ಈಚೆಗೆ ಎದ್ದಿತು. ಅದಕ್ಕೇ ಇದೆಲ್ಲ ನೆನಪಾಯಿತು.

ನಾನೂ ಅವರ ತರಗತಿಯಲ್ಲಿ ಕೂತವನೇ. ಕಂಪ್ಯೂಟರಿನೊಳಗೆ ಓಡುವ ಪ್ರೋಗ್ರಾಮುಗಳು ತಮ್ಮತಮ್ಮಲ್ಲಿ ಕ್ಯೂ ಕಟ್ಟಿ ಸಂದೇಶ ಕಳಿಸಿಕೊಳ್ಳುತ್ತವೆ, ಒಂದಿಷ್ಟು ಮೆಮೊರಿ ಹಂಚಿಕೊಳ್ಳುತ್ತವೆ. ಒಂದು ಗುಂಪಿನದು ಇನ್ನೊಂದಕ್ಕೆ ಕಾಣದಂತೆ ಬೇರೆ ಮಾಡಿಡಬಹುದು. ಪುಸ್ತಕದಲ್ಲಿ ಇದು ಅರ್ಧ ಪುಟ. ಅತ್ತೆಗೆ ಅಷ್ಟು ಸಾಕೇ? ಚಳ್ಳಕೆರೆಯವರಾದ ನಮ್ಮನ್ನು ಒಂದು ಕೋಣೆಗೆ, ಮೊಳಕಾಲ್ಮುರು ಕಡೆಯವರನ್ನು ಪಕ್ಕದ ಕೋಣೆಗೆ ದಬ್ಬಿದರು. ಎರಡೂ ಕಡೆ ಸಂದೇಶಕ್ಕೆ ಒಂದೊಂದು ಸ್ಲೇಟು, ಮೆಮೊರಿಯೆಂದು ಹಂಚಿಕೊಳ್ಳಲು ಒಂದೊಂದು ಬೋಗುಣಿ ಮಂಡಕ್ಕಿ. ಎರಡು ಸ್ಲೇಟಿಗೂ ಒಂದೇ ನಂಬರು!

"ನಂಬರ್ ಒಂದೇ ಇದ್ರೂ ಸ್ಲೇಟ್ ಬೇರೆ. ಅವ್ರದ್ದು ನಿಮಗೆ ಕಾಣಂಗಿಲ್ಲ, ನಿಮ್ದು ಅವ್ರಿಗೆ ಕಾಣಂಗಿಲ್ಲ" ಎಂದು ಬಾಗಿಲು ಮುಚ್ಚಿದರು.

ನಾವು ಸ್ಲೇಟಿನ ಮೇಲೆ "ಮಂಡಕ್ಕಿ ಖಾಲಿ" ಎಂದು ಬರೆದು ಬಾಯಿ ಬಾಯಿ ಬಿಟ್ಟುಕೊಂಡು ಕೂತೆವು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಬಿಸಿ ಮಿರ್ಚಿ ಬಜ್ಜಿಯ ಘಮ!

"ಮೇಡಂ, ಅವ್ರದ್ದು ವಾಸ್ನೆ ಬರ್ತೈತ್ರಿ!" ಎಂದು ಕೂಗಿದೆ.

"ಅದು ನೆಟ್‌ವರ್ಕ್ ಪಾಠ ಕಣಲೇ. ನಾಳೆ ಮಾಡ್ತೀನಿ!"

ಮನೆಯಲ್ಲಿ ಮಾವನ ಪಾಡು ಇನ್ನೂ ಚೆಂದ. ಮಾವನದು ಶೇಂಗಾ ಎಣ್ಣೆಯ ವ್ಯಾಪಾರ. ಸಂಜೆ ಬಂದವರು ಜಗಲಿಯಿಂದಲೇ "ಏನೇ, ಕಾಫಿ ಆತೇನೇ?" ಎಂದು ಕೂಗುತ್ತಿದ್ದರು. ಮತ್ತೆ ಮತ್ತೆ ಕೂಗಿದ ಮೇಲೆ ಕೋಣೆಯಿಂದ ಅತ್ತೆಯ ದನಿ: "ಹೊರಗಿನ ಮೆಸೇಜು ನನ್ನ ಕ್ಯೂಗೆ ಬರಲ್ಲ ಕಣ್ರೀ. ಒಳಗೆ ಬಂದು ಹೇಳ್ರಿ."

ಒಳಗೆ ಹೋದ ಮಾವ ಎದುರು ಕೂತು ಶೇಂಗಾ ರೇಟು, ಪೇಟೆಯ ಜಗಳ, ತಮ್ಮ ಮಂಡಿನೋವು ಎಲ್ಲ ಹೇಳಿ, ಕಾಫಿಯೊಂದನ್ನು ಮರೆತು ಬರುತ್ತಿದ್ದರು. ಅತ್ತೆಗೆ ಬೇಕಾಗಿದ್ದದ್ದೂ ಅದೇ ಇರಬೇಕು!

ಅತ್ತೆ ತೀರಿಕೊಂಡು ವರ್ಷವಾಯಿತು. ಮೊನ್ನೆ ಬಾಡಿಗೆಯವರು ಕೋಣೆ ನೋಡಲು ಬರುವವರಿದ್ದರು. ಹೋಗಿ ನೋಡಿದರೆ ಮಾವ ಒಳಗೆ ಚಾಪೆಯ ಮೇಲೆ ಕೂತಿದ್ದಾರೆ.

"ಏಳ್ರಿ ಮಾವ, ಅವ್ರು ಬರೋ ಹೊತ್ತಾತು" ಎಂದೆ.

ಮಾವ ಏಳಲಿಲ್ಲ. "ಒಳಗಿರೋ ಕೊನೆಯವನು ಎದ್ದು ಹೋದ್ರೆ, ಅಲ್ಲಿದ್ದ ಮೆಸೇಜು, ಮೆಮೊರಿ ಎಲ್ಲಾ ತಾನಾಗೇ ಅಳಿಸಿಹೋಗ್ತೈತಂತೆ. ನಿಮ್ಮತ್ತೆ ಹೇಳಿದ್ಲು. ಹೌದೇನಲೇ?"

ಹೌದು, ಪಾಠದಲ್ಲಿ ಹಾಗೇ ಇದೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವರ ಪಕ್ಕದಲ್ಲಿ ಕೂತೆ.